ಪಾಠ ಮುಗಿಸುವವರು, ಪಾಠ ಕಟ್ಟುವವರು



ನನ್ನ ಬಳಿ ಓದಿದವರಲ್ಲಿ ಹಲವರು ಇಂದು ತಾವೇ ಉಪಾಧ್ಯಾಯರಾಗಿದ್ದಾರೆ. ಅವರು ದೂರವಾಣಿಯಲ್ಲಿ ಸಿಕ್ಕಾಗ, ಕುಶಲಪ್ರಶ್ನೆ ಮುಗಿದ ಮೇಲೆ, "ಈಗ ಯಾವ ಪಾಠ ನಡೆಯುತ್ತಿದೆಯಪ್ಪಾ?" ಎಂದು ಕೇಳುವುದು ನನ್ನ ರೂಢಿ. ಬರುವ ಉತ್ತರ ಹೆಚ್ಚುಕಡಿಮೆ ಒಂದೇ: "ನಾಲ್ಕು ಘಟಕ ಮುಗಿದಿದೆ ಮೇಷ್ಟ್ರೇ, ಐದನೆಯದು ಈ ವಾರ ಮುಗಿಯುತ್ತದೆ." ಈ 'ಮುಗಿಯಿತು' ಎಂಬ ಕ್ರಿಯಾಪದದ ಮೇಲೆ ನನಗಿರುವ ಸಿಟ್ಟನ್ನು ಇಂದು ಹೊರಹಾಕಬೇಕೆಂದಿದ್ದೇನೆ. ಪಾಠ ಯಾರ ಪಾಲಿಗೆ ಮುಗಿಯಿತು? ಪುಸ್ತಕದ ಪುಟಗಳ ಪಾಲಿಗೆ ಮುಗಿದಿರಬಹುದು, ಮುಖ್ಯೋಪಾಧ್ಯಾಯರ ಮೇಜಿನ ಮೇಲಿರುವ ದಾಖಲೆಯ ಪಾಲಿಗೂ ಮುಗಿದಿರಬಹುದು. ಮಗುವಿನ ಪಾಲಿಗೆ ಅದು ಆರಂಭವಾದರೂ ಆಗಿತ್ತೇ ಎಂಬುದನ್ನು ಕೇಳುವವರು ಯಾರು?

ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಶಾಲೆಗಳಲ್ಲಿ ಪಾಠ ಟಿಪ್ಪಣಿ ಬರೆಯುವ ಕೆಲಸ ಧಾರಾಳವಾಗಿ ನಡೆಯುತ್ತದೆ. ಪಾಠವನ್ನು ಯೋಜಿಸುವ ಕೆಲಸ ನಡೆಯುವುದು ಅಪರೂಪ. ಇವೆರಡೂ ಒಂದೇ ಎಂಬ ಭ್ರಮೆಯಲ್ಲಿ ಉಪಾಧ್ಯಾಯರೂ ಅಧಿಕಾರಿಗಳೂ ತಲೆಮಾರುಗಳನ್ನೇ ಕಳೆದಿದ್ದಾರೆ. ಘಟಕವೆಂದರೆ ಪಠ್ಯಪುಸ್ತಕದ ಹತ್ತು ಹನ್ನೆರಡು ಪುಟಗಳ ಕಟ್ಟಲ್ಲ. ಮಗುವಿಗೆ ಉತ್ತರ ಬೇಕೆನಿಸುವ ಒಂದು ಪ್ರಶ್ನೆ, ಆ ಉತ್ತರ ಮಗುವಿಗೆ ದಕ್ಕಿದೆ ಎನ್ನಲು ಒಂದು ಸಾಕ್ಷ್ಯ, ಇವೆರಡರ ನಡುವಿನ ದಾರಿ, ಈ ಮೂರೂ ಕೂಡಿದರೆ ಅದು ಘಟಕ. ಮೊದಲೆರಡು ಇಲ್ಲದ ಟಿಪ್ಪಣಿ ಎಷ್ಟೇ ಅಚ್ಚುಕಟ್ಟಾಗಿ ಕೆಂಪು ಗೆರೆ ಎಳೆದು ಬರೆದಿದ್ದರೂ ಊರಿನ ಹೆಸರಿಲ್ಲದ ಬಸ್ಸಿನ ಫಲಕದಂತೆ.

ಟಿ.ಸಿ.ಎಚ್., ಬಿ.ಎಡ್. ಮಾಡಿದವರಿಗೆ ಆ ಹಳೆಯ ಅಂಕಣಗಳು ನೆನಪಿರಬೇಕು. ಸಾಮಾನ್ಯ ಉದ್ದೇಶ, ನಿರ್ದಿಷ್ಟ ಉದ್ದೇಶ, ಬೋಧನೋಪಕರಣ, ಪೀಠಿಕೆ, ವಿಷಯ ನಿರೂಪಣೆ, ಪುನರಾವರ್ತನೆ, ಮನೆಗೆಲಸ. ಈ ವಂಶಾವಳಿಯ ಮೂಲಪುರುಷ ಜರ್ಮನಿಯ ತತ್ತ್ವಜ್ಞಾನಿ ಹರ್ಬಾರ್ಟ್. ಅವನು ತೀರಿಕೊಂಡದ್ದು 1841ರಲ್ಲಿ. ಹೊಸ ವಿಷಯವು ಮಗುವಿನ ಮನಸ್ಸಿನಲ್ಲಿ ಈಗಾಗಲೇ ಇರುವ ತಿಳಿವಳಿಕೆಗೆ ಹೆಣೆದುಕೊಳ್ಳಬೇಕು ಎಂಬುದು ಅವನ ಮುಖ್ಯ ವಿಚಾರ. ಇಂದಿಗೂ ಮಾನ್ಯವಾದ ವಿಚಾರ. ಜಿಲ್ಲರ್, ರೈನ್ ಮೊದಲಾದ ಅವನ ಅನುಯಾಯಿಗಳು ಅದನ್ನು ಪಂಚಸೋಪಾನಗಳನ್ನಾಗಿ ಮಾಡಿದರು. ತರಬೇತಿ ಸಂಸ್ಥೆಗಳು ಸೋಪಾನಗಳನ್ನು ಅಂಕಣಗಳನ್ನಾಗಿ ಮಾಡಿದವು. ಪರಿವೀಕ್ಷಣೆಗೆ ಬಂದವರು ಅಂಕಣ ತುಂಬಿದೆಯೇ ಎಂದಷ್ಟೇ ನೋಡಿದರು. ವಿಚಾರವು ಹೀಗೆ ವಿಧಿಯಾಗಿ, ವಿಧಿಯು ಕೇವಲ ಮಡಿಯಾಗಿ ಉಳಿಯಿತು. ಹರ್ಬಾರ್ಟನ ಜೀವಾಳವಾದ 'ಮಗುವಿಗೆ ಈಗಾಗಲೇ ಏನು ಗೊತ್ತು' ಎಂಬ ಪ್ರಶ್ನೆಯೇ ಈ ಪ್ರಯಾಣದಲ್ಲಿ ಕಳೆದುಹೋದದ್ದು ವಿಪರ್ಯಾಸ.

ಆಮೇಲೆ ಒಳ್ಳೆಯ ಚಿಂತನೆ ಹುಟ್ಟಲಿಲ್ಲವೆಂದಲ್ಲ. ಅಮೆರಿಕದ ರಾಲ್ಫ್ ಟೈಲರ್ 1949ರಲ್ಲಿ ಪಠ್ಯಕ್ರಮ ರಚಿಸುವವರ ಮುಂದೆ ನಾಲ್ಕು ಸರಳ ಪ್ರಶ್ನೆಗಳನ್ನಿಟ್ಟ: ಏನನ್ನು ಸಾಧಿಸಬೇಕು, ಅದಕ್ಕೆ ಯಾವ ಅನುಭವಗಳು ಬೇಕು, ಅವನ್ನು ಹೇಗೆ ಜೋಡಿಸಬೇಕು, ಸಾಧಿಸಿದೆವೋ ಇಲ್ಲವೋ ಎಂದು ತಿಳಿಯುವುದು ಹೇಗೆ. 1998ರಲ್ಲಿ ಗ್ರಾಂಟ್ ವಿಗಿನ್ಸ್, ಜೇ ಮೆಕ್‌ಟೈ ಎಂಬ ಇಬ್ಬರು ಈ ಪ್ರಶ್ನೆಗಳ ಅನುಕ್ರಮದ ಮೇಲೆಯೇ ಒತ್ತು ಹಾಕಿದರು. ಮೊದಲು ಗುರಿ, ಎರಡನೆಯದಾಗಿ ಗುರಿ ಮುಟ್ಟಿದ್ದರ ಸಾಕ್ಷ್ಯ, ಕಟ್ಟಕಡೆಗೆ ಚಟುವಟಿಕೆ. ಅಂದರೆ ಯೋಜನೆ ಕೊನೆಯಿಂದ ಮೊದಲಿಗೆ ಸಾಗಬೇಕು ಎಂದರು. ಇದು ನಮ್ಮ ಹಿರಿಯರಿಗೆ ಹೊಸದೇನಲ್ಲ. ಗದ್ದೆ ಎಲ್ಲಿದೆಯೆಂದು ನೋಡದೆ ಕೆರೆಗೆ ತೂಬು ಇಟ್ಟವರುಂಟೇ?

ಕೆರೆಯ ಮಾತು ಬಂದದ್ದರಿಂದ ಒಂದು ಶಾಸನವನ್ನು ಇಲ್ಲಿ ನೆನೆಯಲೇಬೇಕು. ಆಂಧ್ರಪ್ರದೇಶದ ಕಡಪ ಸೀಮೆಯ ಪೋರುಮಾಮಿಳ್ಳ ಎಂಬಲ್ಲಿ ವಿಜಯನಗರದ ಬುಕ್ಕರಾಯನ ಮಗ ಭಾಸ್ಕರನು ಕಟ್ಟಿಸಿದ ದೊಡ್ಡ ಕೆರೆಯೊಂದಿದೆ. 1369ರ ಅದರ ಸಂಸ್ಕೃತ ಶಾಸನ ರಾಜನ ಹೊಗಳಿಕೆಗೆ ನಿಲ್ಲದೆ, ಒಳ್ಳೆಯ ಕೆರೆಗೆ ಬೇಕಾದ 12 ಅಂಗಗಳನ್ನೂ ಕೆರೆಗೆ ತಟ್ಟುವ 6 ದೋಷಗಳನ್ನೂ ಪಟ್ಟಿಮಾಡುತ್ತದೆ. ಆ ಆರರಲ್ಲಿ ಎರಡು ದೋಷಗಳು ಹೀಗಿವೆ: ನೀರು ಅಲ್ಪವಾಗಿದ್ದು ಅದನ್ನು ನೆಚ್ಚಿದ ನೆಲ ವಿಸ್ತಾರವಾಗಿರುವುದು ಒಂದು; ನೀರು ಅಪಾರವಾಗಿದ್ದು ನೆಲ ಅಲ್ಪವಾಗಿರುವುದು ಇನ್ನೊಂದು. ಸುಮಾರು ಆರೂವರೆ ಶತಮಾನಗಳ ಹಿಂದಿನ ಈ ಎರಡು ದೋಷಗಳೇ ನಮ್ಮ ಇಂದಿನ ತರಗತಿಗಳ ದೋಷಗಳು ಎಂದರೆ ನೀವು ನಗಬಹುದು. ಆದರೂ ವಿಚಾರಮಾಡಿ ನೋಡಿ.

ಮೊದಲ ದೋಷ 'ಭಾಗ ಮುಗಿಸುವುದು'. ಅವಧಿಗಳು ಕೆಲವೇ, ಹರಡಬೇಕಾದ ನೆಲ ಅಪಾರ. ನೀರು ಎಲ್ಲ ಗದ್ದೆಗೂ ತೆಳುವಾಗಿ ಹರಿದು ಒಂದು ಗದ್ದೆಯೂ ನೆನೆಯುವುದಿಲ್ಲ. ಪ್ರೊ. ಯಶಪಾಲ್ ಸಮಿತಿ 1993ರಲ್ಲಿಯೇ ತನ್ನ 'ಹೊರೆಯಿಲ್ಲದ ಕಲಿಕೆ' ವರದಿಯಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಿತ್ತು: ಮಕ್ಕಳ ಹೊರೆಯೆಂದರೆ ಚೀಲದ ತೂಕ ಮಾತ್ರವಲ್ಲ, ಅರ್ಥವಾಗದಿರುವುದೇ ಅದಕ್ಕಿಂತ ದೊಡ್ಡ ಹೊರೆ. ಚೀಲದ ತೂಕದ ಬಗೆಗೆ ಸುತ್ತೋಲೆಗಳು ಬಂದವು. ಅರ್ಥವಾಗದ ಹೊರೆಯನ್ನು ತೂಗುವ ತಕ್ಕಡಿಯನ್ನು ಮಾತ್ರ ಯಾರೂ ತರಲಿಲ್ಲ.

ಎರಡನೆಯ ದೋಷ ಇದರ ಪ್ರತಿಕ್ರಿಯೆಯಾಗಿ ಹುಟ್ಟಿದ್ದು. 'ಚಟುವಟಿಕೆ ಆಧಾರಿತ' ಎಂಬ ಪದ ಬಳಕೆಗೆ ಬಂದದ್ದೇ ತಡ, ಶಾಲೆಗಳಲ್ಲಿ ಥರ್ಮಾಕೋಲಿನ ಸುಗ್ಗಿ ಆರಂಭವಾಯಿತು. ಬಣ್ಣದ ಕಾಗದ, ಅಂಟು, ಮಿಂಚುಪುಡಿ, ಗೋಡೆಯ ತುಂಬ ಚಾರ್ಟು. ಜಲಚಕ್ರದ ಮಾದರಿ ಮಾಡಿಕೊಂಡು ಬನ್ನಿ ಎಂದರೆ ಮಾಡುವವರು ತಂದೆತಾಯಿ, ಇಲ್ಲವೇ ಪೇಟೆಯ ಅಂಗಡಿಯವರು. ಮಗು ಅದನ್ನು ಹೊತ್ತು ತರುತ್ತದೆ. ಛಾಯಾಚಿತ್ರ ತೆಗೆದು ಮೇಲಧಿಕಾರಿಗಳಿಗೆ ಕಳಿಸಲಾಗುತ್ತದೆ. ಇಲ್ಲಿ ನೀರು ಧಾರಾಳವಾಗಿದೆ, ಗದ್ದಲವಿದೆ, ಸಂತೋಷವೂ ಇದೆ. ನೆನೆಯಬೇಕಾದ ನೆಲ ಮಾತ್ರ ಅಂಗೈಯಗಲ. "ಮಕ್ಕಳು ಖುಷಿಯಾಗಿದ್ದರು" ಎಂಬುದು ಒಳ್ಳೆಯ ಸುದ್ದಿಯೇ. ಆದರೆ ಜಾತ್ರೆಯಲ್ಲಿಯೂ ಮಕ್ಕಳು ಖುಷಿಯಾಗಿಯೇ ಇರುತ್ತಾರೆ. ಮಗುವಿನ ಕೈ ಮಾತ್ರ ಕೆಲಸಮಾಡಿ ತಲೆ ವಿರಮಿಸಿದ್ದರೆ ಅದಕ್ಕೆ ಕರಕುಶಲವೆಂಬ ಹೆಸರು ಸಲ್ಲಬಹುದು, ವಿಜ್ಞಾನವೆಂಬ ಹೆಸರು ಸಲ್ಲದು.

ಹಾಗಾದರೆ ಮಾಡಬೇಕಾದದ್ದೇನು? ಬರೀ ಟೀಕಿಸಿ ಕುಳಿತರೆ ನಿವೃತ್ತರ ಗೊಣಗಾಟವಾದೀತು. ಆದ್ದರಿಂದ ಏಳನೆಯ ತರಗತಿಗೆ ಹೊಂದುವ ಒಂದು ಘಟಕವನ್ನು ನಿಮ್ಮ ಮುಂದೆಯೇ ಕಟ್ಟಿ ತೋರಿಸುತ್ತೇನೆ. ಅದೇ ಜಲಚಕ್ರ, ಮೂರು ವಾರ, ಹದಿನೈದು ಅವಧಿ.

ಪಠ್ಯದಲ್ಲಿ ಸಮುದ್ರ, ಮೋಡ, ಬಾಣದ ಗುರುತುಗಳಿರುವ ಚಿತ್ರವಿರುತ್ತದೆ. ಆವಿಯಾಗುವಿಕೆ, ಸಾಂದ್ರೀಕರಣ ಎಂಬ ಎರಡು ಪದಗಳನ್ನು ಮಕ್ಕಳು ಬಾಯಿಪಾಠ ಮಾಡುತ್ತಾರೆ. ಇದರಲ್ಲಿ ಪ್ರಶ್ನೆಯೇ ಇಲ್ಲ. ಪ್ರಶ್ನೆಯಿಲ್ಲದಲ್ಲಿ ಕುತೂಹಲ ಎಲ್ಲಿಂದ ಬರಬೇಕು? ನಮ್ಮ ರಾಜ್ಯದಲ್ಲಿ 36 ಸಾವಿರಕ್ಕೂ ಮಿಕ್ಕಿ ಕೆರೆಗಳಿವೆಯೆಂಬ ಲೆಕ್ಕವಿದೆ. ಬಯಲುಸೀಮೆಯ ಶಾಲೆಯಾದರೆ ಕೂಗಳತೆಯಲ್ಲಿ ಒಂದು ಕೆರೆ ಇದ್ದೇ ಇರುತ್ತದೆ. ಆದ್ದರಿಂದ ಪ್ರಶ್ನೆ ಹೀಗಿರಲಿ: "ನಮ್ಮೂರ ಕೆರೆ ತುಂಬಲು ಎಷ್ಟು ಮಳೆ ಬೇಕು? ತುಂಬದಿದ್ದರೆ ತಪ್ಪು ಮಳೆಯದೋ, ನಮ್ಮದೋ?" ಇದಕ್ಕೆ ಉತ್ತರ ಉಪಾಧ್ಯಾಯರಿಗೂ ಮೊದಲೇ ಗೊತ್ತಿರುವುದಿಲ್ಲ. ಅದೇ ಇದರ ಸೊಗಸು.

ಮುಂದಿನದು ಸಾಕ್ಷ್ಯ. ಮೂರು ವಾರಗಳ ಕೊನೆಗೆ ಪ್ರತಿ ಗುಂಪೂ ಕೆರೆಯ ಒಂದು ನಕ್ಷೆ, ಒಂದು ಪುಟ ಲೆಕ್ಕ, ಗ್ರಾಮ ಪಂಚಾಯಿತಿಗೆ ಬರೆದ ಒಂದು ಪತ್ರ, ಇಷ್ಟನ್ನು ಒಪ್ಪಿಸಬೇಕು. ಜೊತೆಗೆ ಪ್ರತಿ ಮಗುವೂ ಒಂಟಿಯಾಗಿ, ತಾನು ನೋಡಿರದ ಬೇರೊಂದು ಕೆರೆಯ ಅಳತೆಗಳನ್ನು ಕೊಟ್ಟಾಗ ಅದೇ ಲೆಕ್ಕವನ್ನು ಮಾಡಿ ವಿವರಿಸಬೇಕು. ಈ ಎರಡನೆಯ ಭಾಗ ಬಹಳ ಮುಖ್ಯ. ಗುಂಪಿನ ನೆರಳಿನಲ್ಲಿ ಅಡಗಿ ಕುಳಿತ ಮಗುವನ್ನು ಕಂಡುಹಿಡಿಯುವುದು ಇಲ್ಲಿಯೇ.

ಇನ್ನು ದಾರಿ. ಆರಂಭದಲ್ಲಿ ಹರ್ಬಾರ್ಟನಿಗೆ ಗೌರವ ಸಲ್ಲಿಸಿ, ಮಕ್ಕಳಿಗೆ ಏನು ಗೊತ್ತೆಂದು ತಿಳಿಯೋಣ. ತಣ್ಣನೆಯ ನೀರು ತುಂಬಿದ ಲೋಟದ ಹೊರಮೈಯಲ್ಲಿ ಹನಿ ಮೂಡುವುದನ್ನು ತೋರಿಸಿ, ಆ ನೀರು ಎಲ್ಲಿಂದ ಬಂತೆಂದು ಕೇಳಿ. ಸಾಂದ್ರೀಕರಣದ ವ್ಯಾಖ್ಯೆಯನ್ನು ತಪ್ಪಿಲ್ಲದೆ ಒಪ್ಪಿಸುವ ಮಕ್ಕಳಲ್ಲೇ ಹಲವರು ಒಳಗಿನ ನೀರು ಜಿನುಗಿತು ಎನ್ನುತ್ತಾರೆ. ತಪ್ಪೆಂದು ಹೇಳಬೇಡಿ. ಲೋಟದ ನೀರಿಗೆ ಬಣ್ಣ ಬೆರೆಸಿ ಮತ್ತೆ ನೋಡಲು ಹೇಳಿ. ಹೊರಗಿನ ಹನಿ ಬಣ್ಣವಿಲ್ಲದೆ ಇರುವುದನ್ನು ಕಂಡಾಗ ಆಗುವ ಬೆರಗನ್ನು ಯಾವ ವ್ಯಾಖ್ಯೆಯೂ ಕೊಡಲಾರದು.

ಆಮೇಲೆ ಮಳೆಯ ಅಳತೆ. ನೇರ ಗೋಡೆಯ ಡಬ್ಬಿಯೊಂದು, ಅಳತೆಪಟ್ಟಿಯೊಂದು ಸಾಕು. ಒಂದು ಚದರ ಮೀಟರ್ ನೆಲದ ಮೇಲೆ 1 ಮಿಲಿಮೀಟರ್ ಮಳೆ ಬಿದ್ದರೆ ಅದು ಸರಿಯಾಗಿ 1 ಲೀಟರ್ ನೀರು. ಇದನ್ನು ಹೇಳಿಕೊಡದೆ ಮಕ್ಕಳೇ ಗುಣಿಸಿ ಕಂಡುಕೊಳ್ಳಲಿ. 10 ಮೀಟರ್ ಉದ್ದ, 6 ಮೀಟರ್ ಅಗಲದ ಶಾಲೆಯ ಮಾಡಿನ ಮೇಲೆ 20 ಮಿಲಿಮೀಟರ್ ಮಳೆ ಸುರಿದರೆ 1,200 ಲೀಟರ್. ಒಂದು ಹೆಕ್ಟೇರ್ ಹೊಲದ ಮೇಲೆ 1 ಸೆಂಟಿಮೀಟರ್ ಮಳೆಯೆಂದರೆ 1 ಲಕ್ಷ ಲೀಟರ್. ವಿಸ್ತೀರ್ಣ, ಘನಫಲ, ಏಕಮಾನ ಪರಿವರ್ತನೆ ಎಂದು ಗಣಿತದಲ್ಲಿ ಬೇರೆಬೇರೆ ಡಬ್ಬಿಗಳಲ್ಲಿ ಇಟ್ಟದ್ದೆಲ್ಲ ಇಲ್ಲಿ ಒಂದು ಕೆಲಸಕ್ಕೆ ಬರುತ್ತದೆ.

ಈಗ ಕೆರೆಗೆ ಬನ್ನಿ. ನೀರು ನಿಲ್ಲುವ ಹರವು 10 ಹೆಕ್ಟೇರ್, ಸರಾಸರಿ ಆಳ 2 ಮೀಟರ್ ಎಂದಿಟ್ಟುಕೊಳ್ಳೋಣ. ತುಂಬಿದರೆ 20 ಕೋಟಿ ಲೀಟರ್. ಅದಕ್ಕೆ ನೀರು ಹರಿದುಬರುವ ಜಲಾನಯನ ಪ್ರದೇಶ 500 ಹೆಕ್ಟೇರ್ ಎಂದಾದರೆ, 1 ಸೆಂಟಿಮೀಟರ್ ಮಳೆಗೆ 5 ಕೋಟಿ ಲೀಟರ್. ಹಾಗಾದರೆ 4 ಸೆಂಟಿಮೀಟರ್ ಮಳೆಗೆ ಕೆರೆ ತುಂಬಿಬಿಡಬೇಕಲ್ಲ! ಮಕ್ಕಳು ಹೊರಗೆ ನೋಡುತ್ತಾರೆ. ಅದಕ್ಕಿಂತ ಎಷ್ಟೋ ಪಾಲು ಮಳೆ ಬಂದರೂ ಕೆರೆ ತುಂಬಿಲ್ಲ. ಈ ಕ್ಷಣವೇ ಘಟಕದ ಹೃದಯ. ಉಳಿದ ನೀರು ಎಲ್ಲಿ ಹೋಯಿತು? ನೆಲ ಕುಡಿಯಿತೇ, ಗಿಡಮರಗಳು ಹೀರಿದವೇ, ಬಿಸಿಲಿಗೆ ಆವಿಯಾಯಿತೇ, ಕಾಲುವೆಯ ಮೇಲೆ ಯಾರಾದರೂ ಮನೆ ಕಟ್ಟಿದ್ದಾರೆಯೇ, ಕೆರೆಯಲ್ಲಿ ಹೂಳು ತುಂಬಿ ಆಳವೇ ಕಡಿಮೆಯಾಗಿದೆಯೇ? ಬಿದ್ದ ಮಳೆಯಲ್ಲಿ ಹತ್ತರಲ್ಲೊಂದು ಪಾಲು ಮಾತ್ರ ಕೆರೆ ಸೇರುವುದಾದರೆ ಬೇಕಾಗುವುದು 40 ಸೆಂಟಿಮೀಟರ್ ಮಳೆ. ನಿನ್ನೆಯವರೆಗೆ ಚಿತ್ರದ ಬಾಣವಾಗಿದ್ದ ಆವಿಯಾಗುವಿಕೆ, ಇಂಗುವಿಕೆಗಳು ಇಂದು ಊರಿನ ನೀರನ್ನು ಹಂಚಿಕೊಳ್ಳುವ ಪಾಲುದಾರರಾಗಿ ಎದುರು ನಿಲ್ಲುತ್ತವೆ.

ಏರಿಯ ಮೇಲೆ ನಡೆದು ತೂಬು, ಕೋಡಿ, ಅಚ್ಚುಕಟ್ಟುಗಳನ್ನು ಗುರುತಿಸಿ ನಕ್ಷೆ ಬರೆಯುವುದು ಒಂದು ಅವಧಿ. ಊರಿನ ನೀರುಗಂಟಿಯ ಮನೆತನದವರನ್ನೋ ಹಿರಿಯ ರೈತರನ್ನೋ ತರಗತಿಗೆ ಕರೆದು, ಹಿಂದೆ ನೀರು ಹಂಚುತ್ತಿದ್ದ ಬಗೆಯನ್ನು ಕೇಳುವುದು ಇನ್ನೊಂದು. ಮೂರನೆಯದರಲ್ಲಿ ಭಾಷೆಯ ಉಪಾಧ್ಯಾಯರು 'ಕೆರೆಗೆ ಹಾರ' ಕಥನಗೀತೆಯನ್ನು ಎತ್ತಿಕೊಳ್ಳಬಹುದು. ನೀರಿಗಾಗಿ ಸೊಸೆಯನ್ನು ಬಲಿಕೊಟ್ಟ ಆ ಕತೆಯನ್ನು, ನೀರಿನ ಲೆಕ್ಕ ಮಾಡಿ ಬಂದ ಮಕ್ಕಳು ಕೇಳುವ ಬಗೆಯೇ ಬೇರೆ. ನೀರು ಬರದಿದ್ದುದಕ್ಕೆ ಕಾರಣ ಹುಡುಕದೆ ಹೆಣ್ಣೊಬ್ಬಳ ಪ್ರಾಣವನ್ನೇಕೆ ಕೇಳಿದರು ಎಂಬ ಪ್ರಶ್ನೆಯನ್ನು ಮಕ್ಕಳೇ ಎತ್ತಲು ಸಾಧ್ಯವಿದೆ. ಪಂಚಾಯಿತಿಗೆ ಬರೆಯುವ ಪತ್ರ ವ್ಯಾಕರಣ ಪುಸ್ತಕದ 'ಪತ್ರಲೇಖನ'ಕ್ಕೆ ಮೊದಲ ಬಾರಿಗೆ ನಿಜವಾದ ವಿಳಾಸವನ್ನು ಕೊಡುತ್ತದೆ.

ಇದಕ್ಕೆ ಬರುವ ಆಕ್ಷೇಪಗಳು ನನಗೆ ಗೊತ್ತು. "ಇಷ್ಟಕ್ಕೆಲ್ಲ ಸಮಯ ಎಲ್ಲಿದೆ ಮೇಷ್ಟ್ರೇ?" ಎಂಬುದು ಮೊದಲನೆಯದು. ಎಲ್ಲ ಘಟಕಗಳನ್ನೂ ಹೀಗೆ ಕಟ್ಟಬೇಕೆಂದು ನಾನು ಹೇಳುತ್ತಿಲ್ಲ. ವರ್ಷಕ್ಕೆ ಎರಡು ಸಾಕು. ಅಲ್ಲದೆ ವಿಜ್ಞಾನದ ಒಂದು ಪಾಠ, ಗಣಿತದ ಎರಡು ಅಭ್ಯಾಸ, ಸಮಾಜದ ಅರ್ಧ ಪಾಠ, ಕನ್ನಡದ ಒಂದು ಪದ್ಯ, ಇಷ್ಟರ ಅವಧಿಗಳನ್ನು ಕೂಡಿಸಿದರೆ ಹದಿನೈದಕ್ಕೆ ಕೊರತೆಯಾಗದು.

"ಪರೀಕ್ಷೆಯಲ್ಲಿ ಇದನ್ನು ಕೇಳುವುದಿಲ್ಲ" ಎಂಬುದು ಎರಡನೆಯದು. ಇದರಲ್ಲಿ ಸತ್ಯಾಂಶವಿದೆ. ಮಧ್ಯಪ್ರದೇಶದ ಹೋಶಂಗಾಬಾದಿನಲ್ಲಿ 1972ರಲ್ಲಿ 16 ಶಾಲೆಗಳಲ್ಲಿ ಆರಂಭವಾದ ವಿಜ್ಞಾನ ಬೋಧನಾ ಕಾರ್ಯಕ್ರಮದವರು ಇದನ್ನು ಅರಿತೇ ಪರೀಕ್ಷೆಯನ್ನೂ ಬದಲಿಸಿದರು. ಪುಸ್ತಕ ತೆರೆದಿಟ್ಟುಕೊಂಡು ಬರೆಯುವ ಪ್ರಶ್ನೆಪತ್ರಿಕೆ, ಜೊತೆಗೆ ಪ್ರಯೋಗ ಪರೀಕ್ಷೆ. ಮೂವತ್ತು ವರ್ಷ ನಡೆದ ಆ ಕೆಲಸವನ್ನು ಅಲ್ಲಿನ ಸರ್ಕಾರ 2002ರಲ್ಲಿ ನಿಲ್ಲಿಸಿತೆಂಬುದು ನಮ್ಮ ದೇಶದ ಶಿಕ್ಷಣ ಚರಿತ್ರೆಯ ವಿಷಾದಕರ ಪುಟ. ನಮ್ಮ ಕೈಯಲ್ಲಿ ಪಬ್ಲಿಕ್ ಪರೀಕ್ಷೆ ಇಲ್ಲ, ನಿಜ. ಘಟಕ ಪರೀಕ್ಷೆಯ ಪ್ರಶ್ನೆಪತ್ರಿಕೆ ಇದೆಯಲ್ಲ? ಅದರಲ್ಲಿ "ಜಲಚಕ್ರ ಎಂದರೇನು?" ಎಂದು ಕೇಳುವಂತೆ ನಮ್ಮನ್ನು ಯಾರೂ ಬಲವಂತಪಡಿಸಿಲ್ಲ. ಕೆರೆಯ ಲೆಕ್ಕ ಮಾಡಿದ ಮಗು ಘನಫಲದ ಪ್ರಶ್ನೆಗೆ ಹೆದರುವುದೂ ಇಲ್ಲ.

ಮೂರನೆಯ ಆಕ್ಷೇಪವೇ ನ್ಯಾಯವಾದದ್ದು. ಒಬ್ಬರೇ ಮೂರು ತರಗತಿ ನೋಡಿಕೊಳ್ಳುವ ಉಪಾಧ್ಯಾಯರು, ಬಿಸಿಯೂಟದ ಲೆಕ್ಕ, ಅಂಕಿಅಂಶಗಳ ಭರ್ತಿ, ಚುನಾವಣೆಯ ಕೆಲಸ ಇವುಗಳ ನಡುವೆ ಯೋಚಿಸುವುದು ಯಾವಾಗ? 2009ರ ಶಿಕ್ಷಣ ಹಕ್ಕು ಕಾಯಿದೆಯ 27ನೆಯ ಸೆಕ್ಷನ್ ಜನಗಣತಿ, ವಿಕೋಪ ಪರಿಹಾರ, ಚುನಾವಣೆ ಈ ಮೂರನ್ನು ಬಿಟ್ಟು ಬೇರಾವ ಶೈಕ್ಷಣಿಕೇತರ ಕೆಲಸಕ್ಕೂ ಉಪಾಧ್ಯಾಯರನ್ನು ನಿಯೋಜಿಸಬಾರದೆನ್ನುತ್ತದೆ. ಆ ಸೆಕ್ಷನ್ನಿಗೆ ಇಲಾಖೆ ಜೀವ ಕೊಡಲಿ. ಅಷ್ಟೇ ಅಲ್ಲ, ಪರಿವೀಕ್ಷಕರು ಟಿಪ್ಪಣಿ ಪುಸ್ತಕಕ್ಕೆ ಸಹಿಹಾಕುವ ಮುನ್ನ ಒಂದೇ ಒಂದು ಪ್ರಶ್ನೆ ಕೇಳಲಿ: "ಈ ಘಟಕದ ಕೊನೆಗೆ ಮಕ್ಕಳು ಏನನ್ನು ಮಾಡಬಲ್ಲರು, ಅದು ನಿಮಗೆ ಹೇಗೆ ತಿಳಿಯುತ್ತದೆ?" ಸಹಿಗಿಂತ ಈ ಪ್ರಶ್ನೆ ದೊಡ್ಡ ಪರಿವೀಕ್ಷಣೆ.

ಆದರೆ ಸಮಯದ ಅಭಾವಕ್ಕೆ ಇಂದು ಕಂಡುಕೊಂಡಿರುವ ಪರಿಹಾರವನ್ನು ಮಾತ್ರ ನಾನು ಒಪ್ಪಲಾರೆ. ಮೊದಲು ಅಂಗಡಿಯಲ್ಲಿ ಮಾರುವ ಮಾರ್ಗದರ್ಶಿಯಿಂದ ನಕಲು. ಆಮೇಲೆ ವಾಟ್ಸಾಪ್ ಗುಂಪುಗಳಲ್ಲಿ ಹರಿದಾಡುವ ಸಿದ್ಧ ಕಡತ. ಈಗ ಕೃತಕ ಬುದ್ಧಿಮತ್ತೆಯ ಯಂತ್ರಕ್ಕೆ ಪಾಠದ ಹೆಸರು ಹೇಳಿದರೆ ಅರೆಗಳಿಗೆಯಲ್ಲಿ ಉದ್ದೇಶಗಳೂ ಚಟುವಟಿಕೆಗಳೂ ಸಾಲಾಗಿ ಬಂದು ನಿಲ್ಲುತ್ತವೆ. ಯಂತ್ರದ ಮೇಲೆ ನನಗೆ ದ್ವೇಷವಿಲ್ಲ. ಮಾಹಿತಿಗೆ ಅದನ್ನು ಬಳಸಿ. ಆದರೆ ನಿಮ್ಮೂರ ಕೆರೆಯ ಕೋಡಿ ಯಾವ ದಿಕ್ಕಿಗಿದೆ, ನಾಲ್ಕನೆಯ ಸಾಲಿನ ಹುಡುಗಿಗೆ ಭಿನ್ನರಾಶಿ ಎಲ್ಲಿ ತೊಡಕಾಗುತ್ತದೆ ಎಂಬುದು ನಿಮಗಲ್ಲದೆ ಇನ್ಯಾರಿಗೆ ಗೊತ್ತು? ಯೋಜನೆಯೆಂದರೆ ಆ ಗೊತ್ತಿರುವಿಕೆಯೇ. ಉಳಿದದ್ದು ಕಾಗದ.

ಈ ಮಾತಿಗೆ ನಮ್ಮ ನಾಡಿನಲ್ಲೇ ಸಾಕ್ಷಿಯಿದೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ 'ನಲಿ-ಕಲಿ' ಆರಂಭವಾದಾಗ, ರಿಷಿ ವ್ಯಾಲಿಯ ಪ್ರಯೋಗವನ್ನು ನೋಡಿಬಂದ ಸರ್ಕಾರಿ ಶಾಲೆಯ ಉಪಾಧ್ಯಾಯರೇ ಕುಳಿತು ಪಠ್ಯವನ್ನು ಮೆಟ್ಟಿಲುಗಳಾಗಿ ಬಿಡಿಸಿ ಕಾರ್ಡುಗಳನ್ನು ರಚಿಸಿದರು. ತಾವೇ ಕಟ್ಟಿದ್ದರಿಂದ ಪ್ರತಿ ಕಾರ್ಡಿನ ಹಿಂದಿನ 'ಏಕೆ' ಅವರಿಗೆ ತಿಳಿದಿತ್ತು. ಮುಂದೆ ಅದು ರಾಜ್ಯವ್ಯಾಪಿಯಾಗಿ, ಸಿದ್ಧ ಪೆಟ್ಟಿಗೆಯ ರೂಪದಲ್ಲಿ ಶಾಲೆಗಳನ್ನು ತಲುಪಿದಾಗ ಅನೇಕರಿಗೆ ಕಾರ್ಡುಗಳು ಸಿಕ್ಕವು, 'ಏಕೆ' ಸಿಗಲಿಲ್ಲ. ಕಟ್ಟಿದವರಿಗೂ ಹಂಚಿಸಿಕೊಂಡವರಿಗೂ ಇರುವ ಅಂತರ ಇದು.

ಜಪಾನಿನ ಶಾಲೆಗಳಲ್ಲಿ ಒಂದು ಪದ್ಧತಿಯಿದೆ. ಕೆಲವು ಉಪಾಧ್ಯಾಯರು ಸೇರಿ ಒಂದೇ ಪಾಠವನ್ನು ವಾರಗಟ್ಟಲೆ ಚರ್ಚಿಸಿ ಯೋಜಿಸುತ್ತಾರೆ. ಒಬ್ಬರು ಬೋಧಿಸುವಾಗ ಉಳಿದವರು ಕುಳಿತು ಉಪಾಧ್ಯಾಯರನ್ನಲ್ಲ, ಮಕ್ಕಳನ್ನು ಗಮನಿಸುತ್ತಾರೆ. ಆಮೇಲೆ ಕೂಡಿ ತಿದ್ದುತ್ತಾರೆ. ನಮ್ಮಲ್ಲಿಯೂ ಕ್ಲಸ್ಟರ್ ಮಟ್ಟದ ಸಮಾಲೋಚನಾ ಸಭೆಗಳುಂಟು. ಸುತ್ತೋಲೆ ಓದುವುದಕ್ಕೂ ಚಹಾ ಕುಡಿಯುವುದಕ್ಕೂ ಮೀಸಲಾದ ಆ ದಿನದ ಅರ್ಧವನ್ನಾದರೂ ಇದಕ್ಕೆ ಕೊಡಲು ಯಾವ ಅನುದಾನವೂ ಬೇಕಿಲ್ಲ.

ಉಪಾಧ್ಯಾಯರಾಗಿರುವ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಒಂದು ಕೋರಿಕೆ. ಈ ಸಾಲಿನಲ್ಲಿ ಒಂದು ಘಟಕವನ್ನು ಆರಿಸಿಕೊಳ್ಳಿ. ಬಿಳಿಯ ಹಾಳೆಯ ಮೇಲೆ ಮೂರು ವಾಕ್ಯ ಬರೆಯಿರಿ: ಮಕ್ಕಳು ಬೆನ್ನುಹತ್ತಬೇಕಾದ ಪ್ರಶ್ನೆ ಯಾವುದು, ಅವರಿಗೆ ದಕ್ಕಿದೆ ಎಂಬುದಕ್ಕೆ ನನಗೆ ಕಾಣಬೇಕಾದ ಸಾಕ್ಷ್ಯ ಯಾವುದು, ಅವರು ಎಲ್ಲಿ ಎಡವಬಹುದು. ಈ ಮೂರು ವಾಕ್ಯ ಬರೆಯಲು ಮೂರು ಸಂಜೆ ಹಿಡಿದರೂ ಚಿಂತೆಯಿಲ್ಲ. ಅಂಕಣಗಳನ್ನು ಆಮೇಲೆ ತುಂಬಿಕೊಳ್ಳಬಹುದು. ಮಕ್ಕಳ ತಂದೆತಾಯಿಗಳಾಗಿರುವ ಉಳಿದವರಿಗೂ ಒಂದು ಮಾತು: ಶಾಲೆಗೆ ಹೋದಾಗ "ಎಷ್ಟು ಪಾಠ ಆಯಿತು?" ಎಂದು ಕೇಳುವುದನ್ನು ಬಿಡಿ. ನೀವು ಆ ಪ್ರಶ್ನೆ ಕೇಳುವವರೆಗೂ ಉಪಾಧ್ಯಾಯರು ಪಾಠ ಮುಗಿಸುತ್ತಲೇ ಇರುತ್ತಾರೆ. "ನನ್ನ ಮಗು ಈಗ ಏನನ್ನು ಕಂಡುಹಿಡಿಯಲು ಹೊರಟಿದೆ?" ಎಂದು ಕೇಳಿ ನೋಡಿ. ಉತ್ತರ ಕೊಡಬಲ್ಲವರು ಸಿಕ್ಕರೆ ಅವರಿಗೆ ನನ್ನದೊಂದು ನಮಸ್ಕಾರವನ್ನೂ ತಿಳಿಸಿ.